ಈರಣ್ಣನವರ ಒಂಬತ್ತು ಸುರುಳಿಗಳು

ಹೋದ ತಿಂಗಳು ನಮ್ಮ ಕನ್ನಡ ಬಳಗದ ಫೋನ್ ಗುಂಪಿನಲ್ಲಿ ಯಾರೋ ಒಂದು ವಿಡಿಯೊ ಹಾಕಿದ್ದರು. ಗಡ್ಡದ ಮನುಷ್ಯನೊಬ್ಬ ತನ್ನ ಹಿತ್ತಲಿನಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರ ಕಟ್ಟುತ್ತಿದ್ದಾನೆ. ತಾಮ್ರದ ತಂತಿಯ ಸುರುಳಿಗಳನ್ನು ಒಂದು ಅಚ್ಚಿನಲ್ಲಿ ವರ್ತುಲವಾಗಿ ಜೋಡಿಸಿ, ಮೇಲೆ ಸುರಿಯುವ ರಾಳಕ್ಕೆ ಒಂದು ಡಬ್ಬಿ ಕಬ್ಬಿಣದ ಪುಡಿ ಕಲಸಿ, ಇಷ್ಟು ಮಾಡಿದರೆ ಕರೆಂಟು ಡಬಲ್ ಎಂದು ನಗುತ್ತಾನೆ. ನಮ್ಮ ಗುಂಪಿನಲ್ಲೇ ಏಳೆಂಟು ಮಂದಿ ಚಪ್ಪಾಳೆಯ ಚಿತ್ರ ಹಾಕಿದ್ದರು. ಅವರಲ್ಲಿ ಹೆಚ್ಚಿನವರು ಇಂಜಿನಿಯರುಗಳು. ನನಗೆ ಮೈಯೆಲ್ಲ ಉರಿದುಹೋಯಿತು. ಏನೋ ಬರೆಯಲು ಹೋಗಿ ಅಳಿಸಿದೆ. ಅಳಿಸಿದ್ದನ್ನೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಾನು ವಾಸುದೇವ. ನಾವು ಬಂದು ನೆಲೆಸಿದ ಈ ಪರದೇಶದಲ್ಲಿ, ವುಡ್‌ಬ್ರಿಡ್ಜ್ ಎಂಬ ಊರಿನ ಕೈಗಾರಿಕಾ ಪ್ರದೇಶದ ಒಂದು ಮೋಟಾರ್ ರಿಪೇರಿ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ವೈಂಡರ್ ಆಗಿದ್ದೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವವನೇ ವೈಂಡರ್. ಅದಕ್ಕೂ ಮೊದಲು ಉಡುಪಿಯಲ್ಲಿ ಪಂಪ್‌ಸೆಟ್ಟುಗಳಿಗೆ ಸುತ್ತುತ್ತಿದ್ದೆ. ಯಾವಾಗ ತಂಡದ ಮುಂದಾಳು, ಅಂದರೆ ಲೀಡ್ ಹ್ಯಾಂಡ್ ಆದೆ, ಯಾವಾಗ ಟೆಸ್ಟ್ ಬೆಂಚಿಗೆ ಏರಿದೆ ಎಂಬ ಪಟ್ಟಿ ನನ್ನ ಬೀಳ್ಕೊಡುಗೆಯ ಭಾಷಣದಲ್ಲಿ ಬಂದುಹೋಯಿತು, ಅದನ್ನು ಅಲ್ಲೇ ಬಿಡೋಣ. ಈ ಕಸುಬಿಗೆ ಹೊಸದಾಗಿ ಬರುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಭಾಷಣದಲ್ಲಿ ಬಾರದ್ದು ಗೊತ್ತಾಗಬೇಕು.

ಮೊದಲು ಚೀಟಿಯ ವಿಷಯ. ಉಡುಪಿಯ ಶಾಪಿನಲ್ಲಿ ನಮಗೊಂದು ರೂಢಿಯಿತ್ತು. ಸುತ್ತು ಮುಗಿಸಿ ವಾರ್ನಿಶ್ ಹಾಕುವ ಮೊದಲು, ಒಂದು ಸಣ್ಣ ಕಾಗದದಲ್ಲಿ ಎಷ್ಟು ಸುತ್ತು, ಯಾವ ದಪ್ಪದ ತಂತಿ, ಯಾರು ಸುತ್ತಿದ್ದು ಎಂದು ಪೆನ್ಸಿಲಿನಲ್ಲಿ ಬರೆದು, ಟೇಪಿನ ಒಳಗೆ ತೂರಿಸಿಬಿಡುವುದು. ಮುಂದೆ ಎಂದೋ ಯಾರೋ ಆ ಮೋಟಾರನ್ನು ಬಿಚ್ಚಿದಾಗ ಅವರಿಗೆ ಲೆಕ್ಕ ಸಿಗಲಿ ಎಂದು. ಹೆಸರು ಒಳಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಕೈ ಜಾಗರೂಕವಾಗಿರುತ್ತಿತ್ತು. ವುಡ್‌ಬ್ರಿಡ್ಜ್‌ನಲ್ಲಿ ನಾನು ಚೀಟಿ ಬರೆಯುವುದನ್ನು ಕಂಡು ಎಲ್ಲರೂ ನಕ್ಕರು. ದೇವರಿಗೆ ಕಾಗದ ಬರೀತಿದ್ದೀಯಾ ಎಂದು ಒಬ್ಬ ಕೇಳಿದ. ನಾನು ನಿಲ್ಲಿಸಲಿಲ್ಲ.

ನಗದಿದ್ದವನು ಫೋರ್‌ಮನ್ ಎನ್‌ಝೋ ಒಬ್ಬನೇ. ಇಟಲಿಯಿಂದ ಹುಡುಗನಾಗಿದ್ದಾಗ ಬಂದವನು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವನದೊಂದು ಹಟ. ಸುತ್ತಿ ಮುಗಿಸಿದ ಯಾವ ಕೆಲಸವನ್ನೂ ಬಿಸಿ ಮಾಡಿ ನೋಡದೆ ಹೊರಗೆ ಕಳಿಸುತ್ತಿರಲಿಲ್ಲ. ತಂತಿಯಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಇನ್ಸುಲೇಶನ್ ಪರೀಕ್ಷೆಯನ್ನು ಬೆಂಚಿನ ಮೇಲೆ ತಣ್ಣಗಿರುವಾಗ ಮಾಡಿದರೆ ಮುಕ್ಕಾಲು ಪಾಲು ಕೆಲಸ ಪಾಸಾಗುತ್ತದೆ. ಒಂದು ಗಂಟೆ ಓಡಿಸಿ, ಕೈ ಇಡಲಾಗದಷ್ಟು ಕಾದ ಮೇಲೆ ಅದೇ ಪರೀಕ್ಷೆ ಮಾಡಿದರೆ ಒಳಗಿನ ಬಂಡವಾಳ ಬಯಲಾಗುತ್ತದೆ. ‘ತಣ್ಣಗಿರೋ ಮೋಟಾರು ಎಲ್ಲರ ಹತ್ತಿರವೂ ನಯವಾಗೇ ಮಾತಾಡುತ್ತೆ’ ಎನ್ನುತ್ತಿದ್ದ ಎನ್‌ಝೋ, ತನ್ನ ಇಂಗ್ಲಿಷಿನಲ್ಲಿ.

ನನ್ನ ದೊಡ್ಡ ಎಡವಟ್ಟು ಆಗಿದ್ದು ಎರಡನೇ ವರ್ಷ. ಮಾಲ್ಟನ್‌ನ ರೊಟ್ಟಿ ಕಾರ್ಖಾನೆಯೊಂದರ ಹಿಟ್ಟು ನಾದುವ ಯಂತ್ರದ ಮೋಟಾರು ಬಂದಿತ್ತು. ಚೆನ್ನಾಗಿಯೇ ಸುತ್ತಿದೆ, ಬಿಸಿ ಪರೀಕ್ಷೆಯೂ ಆಯಿತು. ಆದರೆ ಹೊರಗೆ ತರುವ ಎರಡು ತಂತಿಗಳ ಗುರುತನ್ನು ಅದಲುಬದಲು ಮಾಡಿಬಿಟ್ಟಿದ್ದೆ. ಅಲ್ಲಿ ಗುಂಡಿ ಒತ್ತಿದ ಕೂಡಲೇ ಯಂತ್ರ ಹಿಂದುಮುಂದಾಗಿ ತಿರುಗಿ, ಹಿಟ್ಟೆಲ್ಲ ಮೇಲೆದ್ದು ಮಾಲೀಕರಾದ ಸರ್ದಾರ್‌ಜಿಯವರ ಪೇಟದಿಂದ ಷೂವರೆಗೆ ಅಭಿಷೇಕವಾಯಿತು. ಎನ್‌ಝೋ ನನ್ನನ್ನು ಬೈಯಲಿಲ್ಲ. ವ್ಯಾನಿನ ಕೀಲಿ ಕೈಗೆ ಕೊಟ್ಟು, ‘ನೀನೇ ಹೋಗು, ತಪ್ಪು ನಂದು ಅಂತ ನಿನ್ನ ಬಾಯಿಂದಲೇ ಹೇಳು, ಆಮೇಲೆ ತಂತಿ ಬದಲಿಸು’ ಎಂದ. ಹೋದೆ, ಹೇಳಿದೆ. ಸರ್ದಾರ್‌ಜಿ ಕಣ್ಣುರೆಪ್ಪೆಯ ಹಿಟ್ಟು ಒರೆಸಿಕೊಳ್ಳುತ್ತಾ, ‘ಕೋಯಿ ಬಾತ್ ನಹೀ’ ಎಂದು ಚಹಾ ಕೊಟ್ಟರು. ತಪ್ಪೊಪ್ಪಿಗೆ ಅಷ್ಟೇ ಸುಲಭ ಎಂದು ಆವತ್ತು ತಿಳಿದುಕೊಂಡೆ. ಆ ಪಾಠವನ್ನು ಬೇಕಾದ ಹೊತ್ತಿಗೆ ಮರೆತೆ.

ಎನ್‌ಝೋ ನಿವೃತ್ತನಾದ ಮೇಲೆ ಗ್ಯಾರಿ ಎಂಬ ಮ್ಯಾನೇಜರ್ ಬಂದ. ಅವನ ಜೊತೆಗೇ ಟ್ಯಾಬ್ಲೆಟ್ಟೂ ಬಂತು. ಅಲ್ಲಿಯವರೆಗೆ ಪರೀಕ್ಷೆಯ ವಿವರವನ್ನು ಕಾಗದದ ಮೇಲೆ ಬರೆಯುತ್ತಿದ್ದೆವು. ಕಾಗದದಲ್ಲಿ ಅಂಚು ಇರುತ್ತದೆ, ಅಲ್ಲಿ ‘ಬಿಸಿ ಪರೀಕ್ಷೆ ಮಾಡಿಲ್ಲ, ಟೈಮ್ ಕೊಡಲಿಲ್ಲ’ ಎಂದು ಗೀಚಬಹುದು. ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದು ಚೌಕಗಳು. ಎಲ್ಲ ಚೌಕಕ್ಕೂ ಟಿಕ್ ಹಾಕದಿದ್ದರೆ ಕೆಲಸ ಮುಗಿದದ್ದೆಂದು ಅದು ಒಪ್ಪುವುದೇ ಇಲ್ಲ. ಹಾಗಾಗಿ ಎಲ್ಲರೂ ಟಿಕ್ ಹಾಕತೊಡಗಿದರು. ಸುಳ್ಳು ಹೇಳುವುದನ್ನು ಕಡ್ಡಾಯ ಮಾಡಿದ ಆ ಹಲಗೆಗೆ ಆಧುನಿಕತೆ ಎಂದು ಹೆಸರಿಟ್ಟು ಡೋನಟ್ ಹಂಚಿದರು!

ಈರಣ್ಣನವರು ಸಿಕ್ಕಿದ್ದು ಬಳಗದ ಯುಗಾದಿ ಊಟದಲ್ಲಿ. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ತಿರುಗಿ ತಟ್ಟೆ ಕೊಡುವಾಗ ನನ್ನ ತೋರುಬೆರಳನ್ನೇ ನೋಡಿದರು. ತಂತಿ ಬಿಗಿಹಿಡಿದು ಸುತ್ತುವವರ ಬೆರಳಲ್ಲಿ ಒಂದು ಗೆರೆ ಬಿದ್ದಿರುತ್ತದೆ, ಅದು ಹೋಗುವುದಿಲ್ಲ.

‘ನಿಮ್ದೂ ವೈಂಡಿಂಗ್ ಏನ್ರಿ?’ ಎಂದು ತಮ್ಮ ಬೆರಳನ್ನೂ ತೋರಿಸಿದರು.

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ವೈಂಡಿಂಗ್ ಅಂಗಡಿ ಇಟ್ಟಿದ್ದವರು. ಮಗಳು ಪವಿತ್ರಾ ಹತ್ತು ವರ್ಷದವಳಿದ್ದಾಗ ಇಲ್ಲಿಗೆ ಬಂದರು. ಇಲ್ಲಿ ಅವರ ಕೈಗೆ ತಂತಿ ಕೊಟ್ಟವರೇ ಇಲ್ಲ. ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ನಿವೃತ್ತರಾಗಿ ಸ್ಕಾರ್‌ಬರೋದಲ್ಲಿ ಮಗಳ ಮನೆಯಲ್ಲಿದ್ದರು. ಈಗ ಬೇಸ್‌ಮೆಂಟಿನಲ್ಲಿ ಒಂದು ಗಾಳಿಯಂತ್ರ ಕಟ್ಟುತ್ತಿದ್ದರು. ನಗರದ ಉತ್ತರಕ್ಕೆ ಸ್ನೇಹಿತರೊಬ್ಬರ ಹೊಲದಲ್ಲಿ ಕೋಳಿಮನೆಯ ದೀಪಗಳಿಗೆ ಅದರಿಂದ ಕರೆಂಟು ಕೊಡುವ ಯೋಜನೆ. ಕೋಳಿ, ದೀಪ ಎಲ್ಲ ನೆಪ. ಈ ದೇಶದಲ್ಲಿ ತನ್ನ ಕೈಯಿಂದ ಒಂದು ಸರಿಯಾದ ಕೆಲಸ ಆಗಬೇಕು ಎಂಬುದೇ ಅವರ ಆಸೆಯಾಗಿತ್ತು.

‘ಒಂಬತ್ತು ಕಾಯಿಲ್ ನಾನೇ ಸುತ್ತೀನ್ರಿ. ರಾಳ ಹಾಕೂದು ಅಷ್ಟ ಬೇಕು. ನಿಮ್ಮಲ್ಲಿ ಗಾಳಿ ಎಳ್ಯೂ ಪೆಟ್ಟಿಗಿ ಅದ ಅಲ್ರಿ, ಅದ್ರಾಗ ಹಾಕಿದ್ರ ಗುಳ್ಳಿ ಉಳಿಯಂಗಿಲ್ಲ’ ಎಂದರು.

ಮರುವಾರ ಆ ಒಂಬತ್ತು ಸುರುಳಿಗಳನ್ನು ತಂದರು. ಮದುವೆಯ ಬಟ್ಟೆಗಳ ಹಾಗೆ ಒಂದೊಂದನ್ನೂ ಬೇರೆ ಬೇರೆ ಟವೆಲಿನಲ್ಲಿ ಸುತ್ತಿದ್ದರು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿರಲಿಲ್ಲ, ಕರೆಂಟು ದಾಟದಂತೆ ತಂತಿಗೆ ಬಳಿದಿರುವ ಎನಾಮೆಲಿನ ಮೇಲೆ ಒಂದು ಗೀರು ಇರಲಿಲ್ಲ. ಮೊದಲ ಸುರುಳಿಯ ಟೇಪಿನಡಿಯಿಂದ ಕಾಗದದ ತುದಿ ಇಣುಕುತ್ತಿತ್ತು. ಹುಬ್ಬಳ್ಳಿಯಲ್ಲೂ ಅದೇ ರೂಢಿ! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

‘ನೀವೂ ನಿಮ್ಮ ಚೀಟಿ ಹಾಕ್ರಿ. ಸುತ್ತಿದಾಂವ ಒಬ್ಬ, ಎರಕ ಹೊಯ್ದಾಂವ ಒಬ್ಬ. ಇಬ್ಬರ ಹೆಸರೂ ಇರ್ಲಿ’ ಎಂದು ಹೇಳಿ ಹೋದರು.

ಗ್ಯಾರಿ ಬೆಂಚಿನ ಮೇಲಿದ್ದ ಸುರುಳಿಗಳನ್ನು ನೋಡಿದ. ಆ ವರ್ಷಗಳಲ್ಲಿ ಮನೆಯಲ್ಲೇ ಗಾಳಿಯಂತ್ರ ಕಟ್ಟುವ ಹುಚ್ಚು ಶುರುವಾಗಿತ್ತು. ಅಂಥವರಿಗೆ ಸ್ಟೇಟರ್ ಎರಕ ಹೊಯ್ದು ಕೊಡುವ ಹೊಸ ವಿಭಾಗವೊಂದನ್ನು ತೆರೆಯಬೇಕೆಂದು ಗ್ಯಾರಿ ತಿರುಗುತ್ತಿದ್ದ. ಸ್ಟೇಟರ್ ಎಂದರೆ ಯಂತ್ರದಲ್ಲಿ ತಿರುಗದೆ ನಿಂತಿರುವ ತಾಮ್ರದ ಭಾಗ. ಅದರ ಎರಡೂ ಕಡೆ ಅಯಸ್ಕಾಂತದ ತಟ್ಟೆಗಳು ತಿರುಗುತ್ತವೆ. ಒಂದೊಂದು ಸುರುಳಿಯ ನಡುವೆಯೂ ಇರುವ ತೂತು ಖಾಲಿ ಇರುತ್ತದೆ. ಗ್ಯಾರಿ ಎಲ್ಲೋ ಓದಿದ್ದ, ಆ ತೂತಿನಲ್ಲಿ ಕಬ್ಬಿಣದ ಪುಡಿ ತುಂಬಿದರೆ ಅಯಸ್ಕಾಂತದ ಬಲ ಹೆಚ್ಚು ಹಾಯುತ್ತದೆ ಎಂದು. ಓದಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ಓದಿದ್ದ.

ಮಿಕ್ಕ ಅರ್ಧವನ್ನು ನಾನು ಹೇಳುತ್ತೇನೆ, ಕೇಳಿ. ಆ ಕೆಲಸಕ್ಕೆಂದೇ ಮಾಡಿದ ಪುಡಿ ಬೇರೆ. ಅದರ ಒಂದೊಂದು ಕಣಕ್ಕೂ ಕರೆಂಟು ದಾಟದಂಥ ಲೇಪನವಿರುತ್ತದೆ, ಅದನ್ನು ಭಾರಿ ಒತ್ತಡದಲ್ಲಿ ಅಚ್ಚು ಹಾಕುತ್ತಾರೆ. ಸುಮ್ಮನೆ ರಾಳಕ್ಕೆ ಕಲಸಿದರೆ ಕಣಗಳ ನಡುವೆ ರಾಳವೇ ತುಂಬಿ, ಸಿಗುವ ಲಾಭ ಚೂರುಪಾರು. ಲೇಪನವಿಲ್ಲದ ಪುಡಿಯಾದರೆ ಕಣ ಕಣ ಮುಟ್ಟಿಕೊಂಡು, ಕಬ್ಬಿಣದೊಳಗೇ ಕರೆಂಟು ಸುತ್ತಿ ಸುಳಿದು ಬರೀ ಬಿಸಿಯಾಗುತ್ತದೆ. ಸಾಲದ್ದಕ್ಕೆ, ಖಾಲಿ ತೂತಿನ ಸ್ಟೇಟರನ್ನು ಅಯಸ್ಕಾಂತ ಹಿಡಿದುಕೊಳ್ಳುವುದಿಲ್ಲ, ಸಣ್ಣ ಗಾಳಿಗೂ ರೆಕ್ಕೆ ತಿರುಗುತ್ತದೆ. ಅದೇ ತೂತಿನಲ್ಲಿ ಕಬ್ಬಿಣ ಇಟ್ಟರೆ ಒಂಬತ್ತು ಕಡೆ ಎಳೆದು ನಿಲ್ಲಿಸುತ್ತದೆ.

ಸರಿಯಾದ ಪುಡಿ ತರಿಸಲು ವಾರಗಳಾಗುತ್ತಿತ್ತು. ಗ್ಯಾರಿಗೆ ಗಿರಾಕಿಗಳನ್ನು ಕರೆದು ಶಾಪು ತೋರಿಸುವ ಓಪನ್ ಹೌಸ್ ದಿನ ತೋರಿಸಲು ಒಂದು ಸ್ಟೇಟರ್ ಬೇಕಿತ್ತು. ರಸ್ತೆಯಾಚೆ ಲಾರಿಗಳ ಬ್ರೇಕ್ ಡ್ರಮ್ಮನ್ನು ಲೇತಿನಲ್ಲಿ ಕಡೆಯುವ ಅಂಗಡಿಯಿತ್ತು. ಅಲ್ಲಿಂದ ಒಂದು ಬಕೆಟ್ ಕಬ್ಬಿಣದ ಹೊಟ್ಟು ತರಿಸಿ, ಜರಡಿ ಹಿಡಿ ಎಂದು ನನಗೇ ಹೇಳಿದ.

‘ಇದು ಪುಡಿಯಲ್ಲ, ಗಾಜಿನ ಚೂರಿನ ಹಾಗೆ ಚೂಪು. ರಾಳದಲ್ಲಿ ಅಲುಗಾಡಿದರೆ ಎನಾಮೆಲ್ ಕೆರೆದುಬಿಡುತ್ತೆ. ಗಿರಾಕಿ ಬರೀ ರಾಳ ಕೇಳಿದ್ದಾರೆ’ ಎಂದೆ.

‘ಅವರಿಗೆ ಒಂದು ಉಡುಗೊರೆ ಅಂದುಕೋ’ ಎಂದ ಗ್ಯಾರಿ.

ಜರಡಿ ಹಿಡಿದೆ. ನಾನೇ, ಈ ಕೈಯಲ್ಲೇ. ತುಂಬಿದೆ, ಎರಕ ಹೊಯ್ದೆ. ತಣ್ಣಗಿನ ಪರೀಕ್ಷೆ ಪಾಸಾಯಿತು. ಬಿಸಿ ಪರೀಕ್ಷೆಗೆ ಅಯಸ್ಕಾಂತದ ತಟ್ಟೆಗಳನ್ನು ಲೇತಿಗೆ ಕಟ್ಟಿ ಒಂದು ಗಂಟೆ ತಿರುಗಿಸಬೇಕು ಎಂದೆ. ಟೈಮಿಲ್ಲ, ಕ್ಲೋಸ್ ಮಾಡು ಎಂದ. ಟ್ಯಾಬ್ಲೆಟ್ಟಿನಲ್ಲಿ ‘ಬಿಸಿ ಪರೀಕ್ಷೆ: ಪಾಸ್’ ಎಂಬ ಚೌಕಕ್ಕೆ ಬೆರಳು ಒತ್ತಿದೆ. ಚೀಟಿ ಬರೆಯಲು ಪೆನ್ಸಿಲ್ ಎತ್ತಿದವನು ಹಾಗೆಯೇ ಕೆಳಗಿಟ್ಟೆ. ನನ್ನ ಕೆಲಸದ ಬದುಕಿನಲ್ಲಿ ನನ್ನ ಚೀಟಿ ಇಲ್ಲದೆ ಹೊರಗೆ ಹೋದದ್ದು ಅದೊಂದೇ.

ಓಪನ್ ಹೌಸಿನಲ್ಲಿ ಎಲ್ಲರೂ ಅದನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು. ಈರಣ್ಣನವರು ತೆಗೆದುಕೊಂಡು ಹೋದರು. ಕಬ್ಬಿಣ ತುಂಬಿದ್ದನ್ನು ಗ್ಯಾರಿ ಅವರಿಗೆ ದೊಡ್ಡ ಕೊಡುಗೆಯೆಂಬಂತೆ ಹೇಳಿದ. ಅವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆ ತಲೆಯಾಟಕ್ಕೆ ಇವತ್ತಿಗೂ ನನಗೆ ಕ್ಷಮೆಯಿಲ್ಲ.

ಎರಡು ವಾರದಲ್ಲಿ ಫೋನ್ ಬಂತು. ‘ವಾಸುದೇವ್‌ರ, ಸಣ್ಣ ಗಾಳಿಗೆ ರೆಕ್ಕಿ ತಿರಗವಲ್ದುರಿ. ಎಳದು ನಿಂದ್ರತದ’ ಎಂದರು. ದೊಡ್ಡ ಗಾಳಿ ಬರಲಿ ನೋಡೋಣ ಎಂದೆ. ನವೆಂಬರಿನಲ್ಲಿ ದೊಡ್ಡ ಗಾಳಿ ಬಂತು. ಮಧ್ಯಾಹ್ನದ ಹೊತ್ತಿಗೆ ಕಂಬದ ಮೇಲಿಂದ ಹೊಗೆ ಬಂದು, ರಾಳ ಉಬ್ಬಿ ಅಯಸ್ಕಾಂತಕ್ಕೆ ತಾಗಿ, ಇಡೀ ಯಂತ್ರ ಕಚ್ಚಿಕೊಂಡು ನಿಂತಿತು. ಸುಟ್ಟ ಸ್ಟೇಟರನ್ನು ಅವರು ಅದೇ ಟವೆಲಿನಲ್ಲಿ ಸುತ್ತಿ ಶಾಪಿಗೆ ತಂದು ಕೊಟ್ಟು, ಏನಾಗಿದೆ ನೋಡಿ ಎಂದು ಹೋದರು.

ನೋಡಿದೆ. ಬಿರುಕುಬಿಟ್ಟಿದ್ದ ಕಡೆ ಒಂದು ಸುರುಳಿಯನ್ನು ಒಡೆದು ತೆಗೆದೆ. ಹೊರಬದಿಯ ತಂತಿ ಹೊಚ್ಚಹೊಸದರಂತಿತ್ತು. ಒಳಬದಿಯಲ್ಲಿ, ಕಬ್ಬಿಣದ ಹೊಟ್ಟು ತಾಗಿದ ಕಡೆ ಮಾತ್ರ ಎನಾಮೆಲ್ ಕೆರೆದು ಸುತ್ತು ಸುತ್ತು ಬೆಸೆದುಕೊಂಡಿತ್ತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಗ್ಯಾರಿಗೆ ತೋರಿಸಿದೆ. ಅವನೂ ನೋಡಿದ. ಅವನು ಮೂರ್ಖನಾಗಿರಲಿಲ್ಲ, ಅರ್ಥವಾಯಿತು. ಆಮೇಲೆ ಕೂತು ವರದಿ ಬರೆದ: ಗಿರಾಕಿ ತಂದ ಸುರುಳಿಗಳಲ್ಲೇ ದೋಷ, ಸುತ್ತುವಾಗ ಎನಾಮೆಲ್ ಗೀಚಿದೆ, ಶಾಪಿನ ಎಲ್ಲ ಪರೀಕ್ಷೆಗಳೂ ಪಾಸಾಗಿವೆ. ಪುರಾವೆಗೆ ನನ್ನ ಟಿಕ್ ಇತ್ತು.

‘ನೀನೇ ಫೋನ್ ಮಾಡು. ನಿನಗೆ ಅವರ ಭಾಷೆ ಬರುತ್ತೆ, ಸಮಾಧಾನವಾಗಿ ಹೇಳಬಹುದು’ ಎಂದ.

ಮಾಡಿದೆ. ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನಲ್ಲಿ ಕೂತು, ಮೃದುವಾದ ದನಿಯಲ್ಲಿ, ‘ಈರಣ್ಣನವರೇ, ಸುತ್ತುವಾಗ ಎಲ್ಲೋ ತಂತಿ ಗೀಚಿದ ಹಾಗೆ ಉಂಟು. ವಯಸ್ಸಾಗುತ್ತದಲ್ಲ, ಕೈ ಸ್ವಲ್ಪ ಆಚೀಚೆ ಆಗುವುದುಂಟು’ ಎಂದೆ. ವಯಸ್ಸಿನ ಮಾತು ಗ್ಯಾರಿಯ ವರದಿಯಲ್ಲಿ ಇರಲಿಲ್ಲ. ಅದು ನನ್ನದೇ ಸೇರ್ಪಡೆ.

‘ಹೌದೇನ್ರಿ’ ಎಂದರು ಈರಣ್ಣನವರು. ‘ನೀವು ಕಣ್ಣಿಲೆ ನೋಡಿದ್ರೇನು?’

‘ನೋಡಿದೆ’ ಎಂದೆ.

ಸುಟ್ಟದ್ದನ್ನು ಸ್ಕ್ರ್ಯಾಪಿಗೆ ಎಸೆ ಎಂದಿದ್ದ ಗ್ಯಾರಿ. ಎಸೆಯಲಿಲ್ಲ. ನನ್ನ ಗರಾಜಿನಲ್ಲಿ ಹಿಮ ತೆಗೆಯುವ ಸಲಿಕೆಗಳ ಹಿಂದೆ ಇಟ್ಟೆ. ಅಷ್ಟು ಧೈರ್ಯವಿತ್ತು, ಅದಕ್ಕಿಂತ ಹೆಚ್ಚು ಇರಲಿಲ್ಲ. ಈರಣ್ಣನವರು ಆಮೇಲೆ ಬಳಗದ ಊಟಕ್ಕೆ ಬರುವುದನ್ನು ನಿಲ್ಲಿಸಿದರು. ಕಂಬ ಇಳಿಸಿ, ಬೇಸ್‌ಮೆಂಟಿನ ಸುತ್ತುವ ಯಂತ್ರವನ್ನು ಯಾರಿಗೋ ಕೊಟ್ಟರೆಂದು ಕಿವಿಗೆ ಬಿತ್ತು. ಗ್ಯಾರಿ ಇನ್ನೊಂದು ದೊಡ್ಡ ಕಂಪನಿಗೆ ಹೋದ, ನಾನು ನಿವೃತ್ತನಾದೆ. ಹೀಗೆ ಆರು ವರ್ಷ.

ವಿಡಿಯೊ ನೋಡಿದ ದಿನ ನಾನು ಗಡ್ಡದವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನನ್ನ ಹೆಂಡತಿ ಜಯಂತಿ ಕೊತ್ತಂಬರಿ ಬಿಡಿಸುತ್ತಾ ಕೇಳುತ್ತಿದ್ದಳು. ‘ಎಂತ ಮಾರಾಯ್ರೆ, ಅವನು ಸುಟ್ಟರೆ ಅವನದ್ದೇ ಸುಡ್ತಾನೆ. ನಿಮ್ಮದು ಗರಾಜಲ್ಲಿ ಉಂಟಲ್ಲ, ಅದಕ್ಕೆ ಯಾರಿಗೆ ಬೈಯೋದು?’ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಆರು ವರ್ಷದಿಂದ ಗರಾಜು ಗುಡಿಸುವಾಗ ಅದನ್ನು ಎತ್ತಿ ಎತ್ತಿ ಇಟ್ಟವಳು ಅವಳೇ.

ಮರುದಿನ ಸ್ಕಾರ್‌ಬರೋಗೆ ಹೋದೆ. ಬಾಗಿಲು ತೆರೆದವಳು ಪವಿತ್ರಾ. ಈರಣ್ಣನವರು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು, ಇಳಿದುಹೋಗಿದ್ದರು. ಮೇಜಿನ ಮೇಲೆ ಸ್ಟೇಟರ್ ಇಟ್ಟಾಗ ಒಂದು ಕ್ಷಣ ಮುಖ ತಿರುಗಿಸಿದರು. ಆಮೇಲೆ ಬೆರಳು ತಾನಾಗಿ ಮುಂದೆ ಬಂತು. ಬಿರುಕಿನಿಂದ ಸಡಿಲವಾಗಿದ್ದ ಮೊದಲ ಸುರುಳಿಯನ್ನು ಅಲ್ಲಾಡಿಸಿ ಬಿಡಿಸಿದರು. ಟೇಪು ಹರಿದು, ಕಂದುಬಣ್ಣಕ್ಕೆ ತಿರುಗಿದ್ದ ಚೀಟಿ ಹೊರಬಂತು. ಪೆನ್ಸಿಲ್ ಅಕ್ಷರ ಉಳಿದಿತ್ತು. ಅದನ್ನು ಓದಿ, ರಾಳವನ್ನು ಮತ್ತೆ ಮತ್ತೆ ತಡವಿದರು.

‘ನಿಮ್ಮ ಚೀಟಿ ಎಲ್ಲೈತ್ರಿ?’ ಎಂದು ಕೇಳಿದರು.

‘ಹಾಕಲಿಲ್ಲ.’

‘ಯಾಕ?’

ಹೇಳಿದೆ. ಹೊಟ್ಟು, ಜರಡಿ, ಟಿಕ್, ವರದಿ, ಕಾರಿನಲ್ಲಿ ಕೂತು ಮಾಡಿದ ಫೋನು, ಎಲ್ಲವನ್ನೂ. ಸುರುಳಿಯನ್ನು ಬೆಳಕಿಗೆ ಹಿಡಿದು ಹೊರಬದಿ ತೋರಿಸಿದೆ, ಒಳಬದಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸರ್ದಾರ್‌ಜಿಯ ಹಾಗೆ ಏನಿಲ್ಲ ಬಿಡಿ ಎನ್ನುತ್ತಾರೆಂದು ನನ್ನೊಳಗೆ ಎಲ್ಲೋ ಒಂದು ನಾಚಿಕೆಗೆಟ್ಟ ಆಸೆ ಇತ್ತು. ಎನ್ನಲಿಲ್ಲ.

‘ಆರು ವರ್ಷ ಆತ್ರಿ’ ಎಂದರು. ‘ನನ್ನ ಕೈ ಹೋತು ಅಂತ ತಿಳ್ಕೊಂಡಿದ್ನಲ್ರಿ. ಮನ್ಯಾಗ ಒಂದು ಬಲ್ಬ್ ಹಾಕಾಕೂ ಮಗಳನ್ನ ಕರೀತಿದ್ದೆ.’ ಸುರುಳಿ ಹಿಡಿದ ಕೈ ಸ್ಥಿರವಾಗಿತ್ತು. ‘ಆಕಿ ಮುಂದ ಹೇಳ್ರಿ. ನನಗ ಹೇಳಿದ್ದು ಸಾಕು. ಆಕಿಗೆ ಹೇಳ್ರಿ, ಇಂಗ್ಲೀಷಿನ್ಯಾಗ.’

ಪವಿತ್ರಾ ಬಾಗಿಲಲ್ಲೇ ನಿಂತಿದ್ದಳು. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದೆ: ತಪ್ಪು ನಿಮ್ಮ ತಂದೆಯ ಕೈಯದಲ್ಲ, ನನ್ನದು, ಗೊತ್ತಿದ್ದೂ ಸುಳ್ಳು ಹೇಳಿದೆ. ಅವಳೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ನಾನದನ್ನು ನಮ್ಮ ಭಾಷೆಗೆ ತಂದು ಬರೆಯುತ್ತಿದ್ದೇನೆ.

‘ನಿಮ್ಮ ಮ್ಯಾನೇಜರ್ ಹೇಳಿದ್ದರೆ ಅಪ್ಪ ನಂಬುತ್ತಿರಲಿಲ್ಲ. ನನ್ನನ್ನು ಕರೆದುಕೊಂಡು ಬಂದು ಜಗಳ ಆಡುತ್ತಿದ್ದರು. ನೀವು ಕನ್ನಡದಲ್ಲಿ ಹೇಳಿದಿರಿ, ಅದಕ್ಕೇ ನಂಬಿದರು.’

ಈರಣ್ಣನವರು ಆಗಲೇ ಸುರುಳಿಯ ತಂತಿಯ ತುದಿ ಬಿಡಿಸಿ, ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಸುತ್ತು ಬಿಚ್ಚುತ್ತಾ ಎಣಿಸತೊಡಗಿದ್ದರು. ನಾನು ಹೊರಟಾಗಲೂ ತಲೆ ಎತ್ತಲಿಲ್ಲ. ಲೆಕ್ಕ ತಪ್ಪಬಾರದಲ್ಲ.

ವೈಂಡಿಂಗಿಗೆ ಬರುವ ಮಕ್ಕಳೇ, ಈ ಹೊತ್ತಿಗೆ ನನ್ನಿಂದ ಒಂದು ದೊಡ್ಡ ಬುದ್ಧಿಮಾತು ನಿರೀಕ್ಷಿಸುತ್ತಿದ್ದೀರೇನೋ. ಹೊಟ್ಟು ಕಲಸಬೇಡಿ, ಕಾಯಿಸದೆ ಕಳಿಸಬೇಡಿ, ಅಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಹೆಚ್ಚು ಜನ ಓದುತ್ತಿದ್ದರೆಂದು ನನ್ನ ಮಗ ಹೇಳಿದ. ಇರಬಹುದು. ಆದರೆ ಆ ಸುಳ್ಳನ್ನು ನಾನು ಹೇಳಿದ್ದು ಕನ್ನಡದಲ್ಲಿ.